ಕಿವಿಗೆ ಇನ್ನೊಂದು ವರ್ಧಕ ಬೇಕೆ?

ಜೇಬಿನಲ್ಲಿ ಒಂದು ಫೋನು. ಅದಕ್ಕೆ ತಂತಿಯಿಂದ ಜೋಡಿಸಿದ, ಬೆಂಕಿಪೊಟ್ಟಣದಂಥ ಒಂದು ಪೆಟ್ಟಿಗೆ. ಆ ಪೆಟ್ಟಿಗೆಯಿಂದ ಕಿವಿಗೆ ಮತ್ತೊಂದು ತಂತಿ. ಸಂಗೀತದ ಹುಚ್ಚು ಹತ್ತಿದ ತರುಣರಲ್ಲಿ ಕೆಲವರು ಹೀಗೆ ಸಜ್ಜಾಗಿ ಬಸ್ಸು ಹತ್ತುವುದುಂಟು. ನಡುವಣ ಆ ಪೆಟ್ಟಿಗೆಯೇ ಹೆಡ್‌ಫೋನ್ ಆಂಪ್ಲಿಫೈಯರ್, ಅಂದರೆ ವರ್ಧಕ. ಅದನ್ನು ಸೇರಿಸಿದೊಡನೆ ನಾದ ತುಂಬಿಕೊಂಡಿತು, ಮೃದಂಗದ ಎಡಮುಖಕ್ಕೆ ಜೀವ ಬಂತು ಎಂದು ಅವರು ಹೇಳುತ್ತಾರೆ. ಅವರು ಸುಳ್ಳಾಡುತ್ತಿಲ್ಲ. ಆದರೆ ಅವರಿಗೆ ಕೇಳಿಸಿದ ಸುಧಾರಣೆಗೆ ಕಾರಣ ಬಹುಮಟ್ಟಿಗೆ ಆ ಪೆಟ್ಟಿಗೆಯಲ್ಲ, ಸದ್ದನ್ನು ಏರಿಸಿದ ಅವರ ಹೆಬ್ಬೆರಳು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ವರ್ಧಕವಿಲ್ಲದೆ ಯಾವ ಹೆಡ್‌ಫೋನೂ ಹಾಡುವುದಿಲ್ಲ. 1979ರಲ್ಲಿ ಜಪಾನಿನ ಸೋನಿ ಕಂಪನಿ ವಾಕ್‌ಮನ್ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ವರ್ಧಕ ಅದರ ಒಡಲಿನಲ್ಲಿಯೇ ಇತ್ತು. ಇಂದಿನ ಫೋನಿನಲ್ಲಿ, ಅಥವಾ ಅದಕ್ಕೆ ಸಿಕ್ಕಿಸುವ ಪುಟ್ಟ ಅಡಾಪ್ಟರಿನಲ್ಲಿ, ಅದು ಕಡಲೆಕಾಳಿಗಿಂತ ಚಿಕ್ಕದಾಗಿ ಅಡಗಿದೆ. ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನಿನಲ್ಲಿ ಅದು ಕಿವಿಯ ಬಳಿಯೇ ಇರುವುದರಿಂದ ಹೊರಗಿನ ವರ್ಧಕಕ್ಕೆ ಅಲ್ಲಿ ಕೆಲಸವೇ ಇಲ್ಲ. ಆದುದರಿಂದ ಪ್ರಶ್ನೆ ಇಷ್ಟೆ: ಇರುವ ವರ್ಧಕ ಸಾಲದೆ?

ಇದಕ್ಕೆ ಉತ್ತರ ಕೊಡಲು ಓಮನ ನಿಯಮವೇ ಸಾಕು. ಹೆಡ್‌ಫೋನಿನ ಡಬ್ಬಿಯ ಮೇಲೆ ಎರಡು ಸಂಖ್ಯೆಗಳನ್ನು ಅಚ್ಚುಹಾಕಿರುತ್ತಾರೆ. ಒಂದು, ಓಮುಗಳಲ್ಲಿ ಅದರ ರೋಧ. ಇನ್ನೊಂದು, ಒಂದು ಮಿಲಿವಾಟ್ ಸಾಮರ್ಥ್ಯಕ್ಕೆ ಅದು ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆಂಬ ಲೆಕ್ಕ. ಒಂದು ಹೆಡ್‌ಫೋನು 32 ಓಮ್, 100 ಡೆಸಿಬೆಲ್ ಎನ್ನೋಣ. ಮಿಲಿವಾಟ್ ಒಂದನ್ನು ಅದಕ್ಕೆ ಊಡಿಸಲು ಬೇಕಾದ ವೋಲ್ಟೇಜು ಕೇವಲ 0.18. ರೋಧ 300 ಓಮ್ ಆದರೂ 0.55 ವೋಲ್ಟ್ ಸಾಕು. ಫೋನುಗಳು ಸಾಮಾನ್ಯವಾಗಿ ಅರ್ಧದಿಂದ ಒಂದು ವೋಲ್ಟಿನವರೆಗೆ ಕೊಡಬಲ್ಲವು. 100 ಡೆಸಿಬೆಲ್ ಎಂಬುದು ಸಂಗೀತದ ಕ್ಷಣಿಕ ಶಿಖರಗಳಿಗೆ ತಕ್ಕ ಸದ್ದು. ಸತತವಾಗಿ ಕೇಳಲು ತಕ್ಕದ್ದಲ್ಲ.

ಈ ಲೆಕ್ಕ ತಲೆಕೆಳಗಾಗುವ ಹೆಡ್‌ಫೋನುಗಳೂ ಇವೆ. ಹೈಫೈಮ್ಯಾನ್ ಕಂಪನಿಯ ಎಚ್‌ಇ-6 ಎಂಬುದರ ರೋಧ 50 ಓಮ್ ಮಾತ್ರ. ಆದರೆ ಮಿಲಿವಾಟಿಗೆ ಅದು ಕೊಡುವ ಸದ್ದು 83.5 ಡೆಸಿಬೆಲ್. ಅದನ್ನು 100ಕ್ಕೆ ಏರಿಸಲು ಸುಮಾರು 45 ಮಿಲಿವಾಟ್, ಎಂದರೆ ಒಂದೂವರೆ ವೋಲ್ಟ್, ಬೇಕಾಗುತ್ತದೆ. ಅಂಥದಕ್ಕೆ ವರ್ಧಕ ನಿಜವಾಗಿಯೂ ಬೇಕು. ಆದರೆ ಅದು ಬೆನ್ನು ತೆರೆದ, ಮನೆಯಲ್ಲಿ ಕುಳಿತು ಕೇಳುವ ಸಾಧನ. ಅದನ್ನು ತೊಟ್ಟು ಬಸ್ಸಿನಲ್ಲಿ ಕುಳಿತವರನ್ನು ನಾವಂತೂ ಕಂಡಿಲ್ಲ.

ಹಾಗಾದರೆ ಮೃದಂಗಕ್ಕೆ ಬಂದ ಜೀವ? 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ರೇಖೆಗಳು ಇದನ್ನು ವಿವರಿಸುತ್ತವೆ. ನಮ್ಮ ಕಿವಿ ಎಲ್ಲ ಸ್ವರಗಳನ್ನೂ ಸಮನಾಗಿ ಕಾಣುವುದಿಲ್ಲ. ಸದ್ದು ಮೆಲ್ಲಗಿದ್ದಾಗ ಮಂದ್ರ ಸ್ವರಗಳಿಗೆ ಅದು ಬಹುಪಾಲು ಕಿವುಡು; ಸದ್ದು ಏರಿದಂತೆ ಮಂದ್ರವು ಮಿಕ್ಕ ಸ್ವರಗಳಿಗಿಂತ ವೇಗವಾಗಿ ಮೇಲೇಳುತ್ತದೆ. ಹೀಗಾಗಿ ಅದೇ ಧ್ವನಿಮುದ್ರಿಕೆ, ಅದೇ ಹೆಡ್‌ಫೋನು, ಸದ್ದನ್ನು ತುಸು ಏರಿಸಿದರೆ ಸಾಕು, ಹೆಚ್ಚು ತುಂಬಿದಂತೆ ಕೇಳಿಸುತ್ತದೆ. ಏರಿಕೆ ಒಂದೆರಡು ಡೆಸಿಬೆಲ್ ಮಾತ್ರವಿದ್ದಾಗ ಅದನ್ನು ಯಾರೂ ‘ಜೋರು’ ಎನ್ನುವುದಿಲ್ಲ, ‘ಚೆನ್ನ’ ಎನ್ನುತ್ತಾರೆ. ಅಂಗಡಿಯವನಿಗೆ ಇದು ಚೆನ್ನಾಗಿ ಗೊತ್ತು.

ಬಸ್ಸಿನ ಗದ್ದಲದಲ್ಲಿ ಈ ಚಪಲ ಅಪಾಯಕ್ಕೆ ತಿರುಗುತ್ತದೆ. ಎಂಜಿನಿನ ಮೊರೆತ ಮೊದಲು ಮುಚ್ಚಿಹಾಕುವುದು ಮಂದ್ರವನ್ನೇ. ವರ್ಧಕ ಆ ಮೊರೆತವನ್ನು ಕಿಂಚಿತ್ತೂ ತಗ್ಗಿಸಲಾರದು. ಅದರ ಮೇಲೆ ಸಂಗೀತವನ್ನು ಕೂಗಿಸಬಲ್ಲದು, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹಾಕಿದ ಮಿತಿಯಂತೆ ವಯಸ್ಕರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಮೂರು ಡೆಸಿಬೆಲ್ ಏರಿದಾಗಲೆಲ್ಲ ಆ ಅವಧಿ ಅರ್ಧವಾಗುತ್ತ ಹೋಗಿ, 100 ಡೆಸಿಬೆಲಿಗೆ ವಾರವಿಡೀ ಸೇರಿ ಅರ್ಧ ಗಂಟೆಯೂ ಉಳಿಯುವುದಿಲ್ಲ. ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿಯ ನಾಳವನ್ನು ಸರಿಯಾಗಿ ಮುಚ್ಚುವ ರಬ್ಬರಿನ ತುದಿ ಕೆಲವೇ ರೂಪಾಯಿಗೆ ಸಿಗುತ್ತದೆ. ಪ್ರಯಾಣಿಕನಿಗೆ ಅದು ಸಾವಿರಾರು ರೂಪಾಯಿಯ ವರ್ಧಕಕ್ಕಿಂತ ಹೆಚ್ಚು ಉಪಕಾರ ಮಾಡುತ್ತದೆ.

ವರ್ಧಕದ ಪಕ್ಷದಲ್ಲಿ ಹೇಳಲೇಬೇಕಾದ ಮಾತೊಂದಿದೆ. ಕೆಲವು ಉಪಕರಣಗಳ ಹೊರದಾರಿಯಲ್ಲಿಯೇ ಹತ್ತು ಓಮಿನಷ್ಟು ರೋಧವಿರುತ್ತದೆ. ಕಿವಿಯೊಳಗಿಡುವ ಕೆಲವು ಇಯರ್‌ಫೋನುಗಳ ರೋಧವಾದರೋ ಸ್ವರದೊಡನೆ ಬದಲಾಗುತ್ತದೆ. ಒಂದು ಸ್ವರಕ್ಕೆ 32 ಓಮ್, ಇನ್ನೊಂದಕ್ಕೆ 8 ಓಮ್ ಎಂದಾದರೆ, ಮೊದಲನೆಯದಕ್ಕೆ ವೋಲ್ಟೇಜಿನ 76 ಪಾಲು, ಎರಡನೆಯದಕ್ಕೆ ನೂರಕ್ಕೆ 44 ಪಾಲು ಮಾತ್ರ ದಕ್ಕುತ್ತದೆ. ಸುಮಾರು ಐದು ಡೆಸಿಬೆಲಿನ ಈ ಪಕ್ಷಪಾತ ಯಾರ ಕಿವಿಗಾದರೂ ಬೀಳುತ್ತದೆ. ಹೊರದಾರಿಯ ರೋಧ ಒಂದು ಓಮಿಗಿಂತ ಕಡಿಮೆಯಿರುವ ವರ್ಧಕ ಇದನ್ನು ನೀಗಿಸುತ್ತದೆ. ಇಲ್ಲಿಯೂ ನೆರವಾದದ್ದು ಕಡಿಮೆ ರೋಧವೇ ಹೊರತು ಹೆಚ್ಚಿನ ಬಲವಲ್ಲ.

ಕೊಳ್ಳುವ ಮೊದಲು ಕಾಲೇಜಿನ ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಒಂದು ಪರೀಕ್ಷೆ ಮಾಡಿ ನೋಡಬಹುದು. 100 ಹರ್ಟ್ಸಿನ ಒಂದೇ ಸ್ವರವನ್ನು ನುಡಿಸಿ, ಹೆಡ್‌ಫೋನು ಜೋಡಿಸಿರುವಂತೆಯೇ, ವರ್ಧಕವಿದ್ದಾಗಲೂ ಇಲ್ಲದಾಗಲೂ ಅದರ ತುದಿಗಳ ವೋಲ್ಟೇಜು ಒಂದೇ ಆಗುವಂತೆ ಮಲ್ಟಿಮೀಟರಿನಿಂದ ಹೊಂದಿಸಿರಿ. ಅನಂತರ ಗೆಳೆಯನೊಬ್ಬನು ನಾಣ್ಯ ಚಿಮ್ಮಿ, ನಿಮ್ಮ ಕಣ್ಣಿಗೆ ಮರೆಯಾಗಿ, ಎರಡರಲ್ಲೊಂದನ್ನು ಜೋಡಿಸಲಿ. ಯಾವುದೆಂದು ನೀವು ಹೇಳಿರಿ. ಹೀಗೆ ಹತ್ತು ಸಲ. ಬರಿಯ ಊಹೆಯಿಂದ ಒಂಬತ್ತು ಅಥವಾ ಹೆಚ್ಚು ಸಲ ಸರಿಯಾಗುವ ಸಂಭವ 1024ರಲ್ಲಿ 11 ಮಾತ್ರ. ಅಷ್ಟು ಬಂದರೆ ಎರಡಕ್ಕೂ ವ್ಯತ್ಯಾಸವಿದೆಯೆಂದು ಒಪ್ಪಬಹುದು. ಐದಾರು ಬಂದರೆ ಆ ಹಣಕ್ಕೆ ಒಳ್ಳೆಯ ಹೆಡ್‌ಫೋನನ್ನೇ ಕೊಳ್ಳಿರಿ.