ನೆರೆ ಬರುವ ಮುನ್ನ

ಮಳೆಗಾಲಕ್ಕೆ ಮುನ್ನ ನಮ್ಮ ರೈತರು ಮಾಡಿಕೊಳ್ಳುವ ಸಿದ್ಧತೆಗಳು ಒಂದೆರಡಲ್ಲ. ಮಾಳಿಗೆಗೆ ಮಣ್ಣು ಹಾಕುವುದು, ಕುಳ್ಳು ಕಟ್ಟಿಗೆಗಳನ್ನು ಒಳಗಿಡುವುದು, ಬಿತ್ತನೆಯ ಬೀಜವನ್ನು ಹಸನು ಮಾಡುವುದು, ಇವೆಲ್ಲ ಯಾರೂ ಹೇಳದೆಯೇ ನಡೆಯುತ್ತವೆ. ಆದರೆ ಹೊಳೆಯ ದಂಡೆಯ ಊರುಗಳಲ್ಲಿ ಸಹ, ನೀರು ಬಂದರೆ ಯಾವಾಗ ಹೊರಡಬೇಕು, ಯಾವ ದಾರಿಯಿಂದ ಎಲ್ಲಿಗೆ ಹೋಗಬೇಕು ಎಂಬುದನ್ನು ಮನೆಮಂದಿಯೆಲ್ಲ ಕುಳಿತು ಗೊತ್ತುಮಾಡಿಕೊಳ್ಳುವುದು ಅಪರೂಪ. ಅಂಥ ಮಾತೆತ್ತಿದರೆ ಅಪಶಕುನವೆಂದು ಹಿರಿಯರು ಗದರಿಸುವುದೂ ಉಂಟು. ಹೊರಡುವ ನಿರ್ಧಾರವನ್ನು ನೀರು ಕಂಡ ಮೇಲೆ ಮಾಡಲಾಗದು, ಬಿಸಿಲಿರುವಾಗಲೇ ಮಾಡಿಟ್ಟುಕೊಂಡಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

'ನೆರೆ ನಮಗೇನು ಹೊಸದೆ?' ಎಂದು ಕೇಳುವವರಿದ್ದಾರೆ. ಅನುಭವ ದೊಡ್ಡದು, ನಿಜ. ಆದರೆ ಒಂದು ನೆರೆಯ ಅನುಭವ ಇನ್ನೊಂದು ನೆರೆಗೆ ಒದಗುತ್ತದೆಂಬ ಭರವಸೆಯಿಲ್ಲ. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟಿ, ಕರಾಡದಲ್ಲಿ ಕೊಯ್ನಾ ನದಿಯನ್ನು ಕೂಡಿಕೊಂಡು ನಮ್ಮ ನಾಡಿಗೆ ಬರುತ್ತಾಳೆ. ಘಟ್ಟದಲ್ಲಿ ಮಳೆ ಹೊಯ್ದು ಅಣೆಕಟ್ಟುಗಳ ಬಾಗಿಲು ತೆರೆದರೆ, ಕೆಳಗಿನ ಊರುಗಳಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಏರಬಹುದು. 2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಊರುಗಳನ್ನು ಮುಳುಗಿಸಿದವು. 2009ರ ಕಥೆ ಬೇರೆ. ಮಳೆಗಾಲ ಮುಗಿಯಿತೆಂದು ಜನ ಭಾವಿಸಿದ್ದ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲ ದಿನಗಳಲ್ಲಿ, ಬಯಲುಸೀಮೆಯ ಮೇಲೆಯೇ ಮಳೆ ಸುರಿಯಿತು. ನೆನೆದ ಮಣ್ಣಿನ ಗೋಡೆಗಳು ಒಳಗಿದ್ದವರ ಮೇಲೆ ಕುಸಿದವು. ಹೀಗಿರುವಾಗ 'ಹಿಂದಿನ ಸಲ ಕಟ್ಟೆಯವರೆಗೆ ಬಂದಿತ್ತು, ಈ ಸಲವೂ ಅಷ್ಟೇ' ಎಂದು ಕೂರುವುದು ಎಷ್ಟರ ಮಟ್ಟಿಗೆ ಸರಿ?

2019ರಲ್ಲಿ ಮಲಪ್ರಭೆಯ ದಂಡೆಯಲ್ಲಿರುವ ನನ್ನ ಬಂಧುಗಳ ಮನೆಯಲ್ಲಿ ನಡೆದುದನ್ನು ಇಲ್ಲಿ ಹೇಳಬೇಕು. ಊರು ಬಿಡಬೇಕೆಂದು ಡಂಗುರ ಸಾರಿದಾಗ ಇನ್ನೂ ಹಗಲಿತ್ತು. ಮಗ ಹೊರಡೋಣವೆಂದ. ಸೊಸೆ ಜೋಳದ ಚೀಲಗಳನ್ನು ಅಟ್ಟಕ್ಕೇರಿಸತೊಡಗಿದಳು. ಎಪ್ಪತ್ತು ದಾಟಿದ ಯಜಮಾನರು 'ಎತ್ತು ಬಿಟ್ಟು ನಾ ಎಲ್ಲಿಗೂ ಬರೂದಿಲ್ಲ' ಎಂದು ಗೋದಲಿಯ ಬಳಿ ಕುಳಿತುಬಿಟ್ಟರು. ವಾದದಲ್ಲಿ ಹೊತ್ತು ಮುಳುಗಿತು. ನಡುರಾತ್ರಿ ದೋಣಿ ಬಂದು ಎಲ್ಲರನ್ನೂ ಕರೆದೊಯ್ದಿತು. ನೀರು ಇಳಿದ ಮೇಲೆ ನೋಡಿದರೆ, ಒಂದು ಎತ್ತು ಕಟ್ಟಿದ ಕಣ್ಣಿಯಲ್ಲಿಯೇ ಸತ್ತುಬಿದ್ದಿತ್ತು. ಆ ಹಿರಿಯರನ್ನು ಹಟಮಾರಿಯೆನ್ನಲು ನನಗೆ ಮನಸ್ಸು ಬಾರದು. ಎತ್ತುಗಳಿಗೆ ದಾರಿ ತೋರಿಸದ ಯೋಜನೆ ಒಕ್ಕಲುತನದ ಮನೆಗೆ ಯೋಜನೆಯೇ ಅಲ್ಲ. ಮನುಷ್ಯರಿಗಿಂತ ಮುಂಚಿತವಾಗಿ, ಬೆಳಕಿರುವಾಗಲೇ, ದನಗಳನ್ನು ಎತ್ತರದ ಹೊಲಕ್ಕೆ ಹೊಡೆದುಕೊಂಡು ಹೋಗಬೇಕು. ಅದಕ್ಕೂ ಸಮಯವಿಲ್ಲದಿದ್ದರೆ ಕಣ್ಣಿಯನ್ನಾದರೂ ಬಿಚ್ಚಬೇಕು.

ಮುನ್ನೆಚ್ಚರಿಕೆ ಕೊಡಲು ಸರಕಾರವಿದೆಯಲ್ಲ ಎನ್ನಬಹುದು. ಇದೆ, 1077ಕ್ಕೆ ಫೋನ್ ಮಾಡಿದರೆ ಜಿಲ್ಲೆಯ ಸಹಾಯವಾಣಿ ಸಿಗುತ್ತದೆ. ಆದರೆ ಡಂಗುರ ಇಡೀ ಊರಿಗೆ ಸಾರುವಂಥದು. ನಡೆಯಲಾರದ ಅಜ್ಜಿಯನ್ನು ಯಾರು ಹೊರಬೇಕು, ಶಾಲೆಗೆ ಹೋದ ಮಗುವನ್ನು ಯಾರು ಕರೆತರಬೇಕು ಎಂಬುದು ಡಂಗುರಕ್ಕೆ ತಿಳಿಯದು. ಪಹಣಿ, ರೇಷನ್ ಕಾರ್ಡು, ಆಧಾರ್, ಔಷಧಿಗಳನ್ನು ಒಂದೇ ಚೀಲದಲ್ಲಿಡುವುದು ಸುಲಭದ ಕೆಲಸ. ಕಷ್ಟವಾದುದು ದಾರಿಯ ಆಯ್ಕೆ. ಹಳ್ಳ, ಸೇತುವೆಗಳನ್ನು ದಾಟಿ ಹೋಗುವ ದಾರಿ ಎಷ್ಟು ಹತ್ತಿರದ್ದಾದರೂ ಬೇಡ. ಮೊಣಕಾಲುದ್ದದ ನೀರಾದರೂ ರಭಸವಿದ್ದರೆ ಗಟ್ಟಿಮುಟ್ಟಾದ ಆಳನ್ನು ಕೆಡವಬಲ್ಲದು. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಈಜು ಬಲ್ಲ ಹುಡುಗರು ನಗುತ್ತಿದ್ದರು.

ನನ್ನ ಬಂಧುಗಳು ಈಗ ತಮ್ಮದೇ ಒಂದು ಕಟ್ಟಳೆ ಮಾಡಿಕೊಂಡಿದ್ದಾರೆ. ಊರ ಹನುಮಂತದೇವರ ಗುಡಿಯ ಮೆಟ್ಟಿಲುಗಳು ಹೊಳೆಯ ಕಡೆಗೆ ಇಳಿಯುತ್ತವೆ. ನೀರು ಕೆಳಗಿನಿಂದ ಮೂರನೆಯ ಮೆಟ್ಟಿಲನ್ನು ಮುಟ್ಟಿದರೆ ಹೊರಡಬೇಕು, ಆಗ ಚರ್ಚೆಯಿಲ್ಲ. ಹೊರಡಿರೆಂದು ಹೇಳುವವಳು ಸೊಸೆ. ದಿನದ ಬಹುಪಾಲು ಮನೆಯಲ್ಲಿರುವವಳು ಅವಳೇ ಆದ್ದರಿಂದ ಈ ಅಧಿಕಾರ ಅವಳಿಗೆ ಸಂದದ್ದು ನ್ಯಾಯವೇ ಸರಿ. ಎತ್ತುಗಳೊಡನೆ ಮೊದಲು ಹೊರಡುವವರು ಯಜಮಾನರು. ಮಳೆಗಾಲಕ್ಕೆ ಮುನ್ನ ಒಂದು ಸಂಜೆ, ಕತ್ತಲಾದ ಮೇಲೆ, ಎಲ್ಲರೂ ಎತ್ತರದ ಹೊಲದವರೆಗೆ ನಡೆದು ನೋಡಿದರು. ನೆರೆಹೊರೆಯವರು ನಕ್ಕರಂತೆ. ಕಾಲು ಗಂಟೆಯ ದಾರಿಯೆಂದು ಎಣಿಸಿದ್ದರು. ಅಜ್ಜಿ ಕೋಲೂರಿಕೊಂಡು, ನಡುನಡುವೆ ಕುಳಿತು ಸುಧಾರಿಸಿಕೊಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಮರುದಿನ ಬೆಳಿಗ್ಗೆ ಯಜಮಾನರೇ ಗುಡಿಗೆ ಹೋಗಿ, ಮೂರನೆಯ ಮೆಟ್ಟಿಲಿನ ಮೇಲಿದ್ದ ಕೆಂಪು ಗುರುತನ್ನು ಉಜ್ಜಿ ಅಳಿಸಿ, ಮೊದಲನೆಯ ಮೆಟ್ಟಿಲಿನ ಮೇಲೆ ಹೊಸದಾಗಿ ಬರೆದು ಬಂದರು.