‘ಚಾರಣ’ ಮತ್ತು ಮಾದಪ್ಪನ ಮಲೆ

ಗೋಪಿನಾಥಂನಿಂದ ಮಲೆ ಮಹದೇಶ್ವರ ಬೆಟ್ಟದವರೆಗಿನ ಕಾಡನ್ನು ಕುರಿತ ಈಚಿನ ಚಾರಣ ಬರಹಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕಾಣಿಸುತ್ತವೆ. ಒಂದು, ‘ಯಾರೂ ತುಳಿಯದ ಹಾದಿ’. ಇನ್ನೊಂದು, ‘ವೀರಪ್ಪನ್ ಅಡಗಿದ್ದ ಕಾಡು’. ಮೊದಲನೆಯದು ಸುಳ್ಳು, ಎರಡನೆಯದು ಅರ್ಧಸತ್ಯ. ಎರಡೂ ಕೂಡಿ ಈ ಸೀಮೆಯ ನೆನಪನ್ನು ಮಸುಕುಗೊಳಿಸುತ್ತಿವೆ.

ಈ ಮಲೆಗಳನ್ನು ಏರಿದ ಚರಿತ್ರೆ ಬೇಕಾದವರು ಕಂಸಾಳೆಯವರ ಹಾಡನ್ನು ಕೇಳಬೇಕು. ಪಿ.ಕೆ. ರಾಜಶೇಖರ, ಕೆ. ಕೇಶವನ್ ಪ್ರಸಾದ್ ಮೊದಲಾದವರು ಸಂಪಾದಿಸಿದ ಮಾದೇಶ್ವರ ಕಾವ್ಯದ ಒಂದೊಂದು ಭಾಗಕ್ಕೂ ‘ಸಾಲು’ ಎಂದು ಹೆಸರು. ಆನುಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ ಎಂದು ಹೆಸರಿಡಿದು ಎಣಿಸುವ ಪರಂಪರೆಯಿದು. ಸಂಕಮ್ಮನ ಸಾಲಿನಲ್ಲಿ ಸೋಲಿಗರ ಬದುಕೇ ಕಥೆಯ ನೆಲ. ತಾಳುಬೆಟ್ಟದಿಂದ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಏರುವ ಭಕ್ತರು ಇಂದಿಗೂ ಇದ್ದಾರೆ. ಇಷ್ಟು ಜನ ತುಳಿದ ಹಾದಿಯನ್ನು ‘ತುಳಿಯದ ಹಾದಿ’ ಎನ್ನುವುದು ತುಳಿದವರನ್ನು ಲೆಕ್ಕಕ್ಕೆ ಹಿಡಿಯದವರ ಮಾತು.

ಗೋಪಿನಾಥಂ ವೀರಪ್ಪನ್ನನ ಹುಟ್ಟೂರು ಎಂಬುದು ನಿಜ. ಆದರೆ ಅದೇ ಊರಿನಲ್ಲಿ ಮಾರಿಯಮ್ಮನ ಗುಡಿ ಕಟ್ಟಿಸಿ, ಜನರ ವಿಶ್ವಾಸ ಗಳಿಸಿ, 1991ರ ನವೆಂಬರ್ 10ರಂದು ಅವನಿಂದಲೇ ಹತರಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರೂ ಆ ಊರಿನ ಚರಿತ್ರೆಯೇ. ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆ ತನ್ನ ಅಲ್ಲಿನ ಬಿಡಾರಕ್ಕೆ ‘ಮಿಸ್ಟರಿ ಟ್ರೇಲ್ಸ್’ ಎಂದು ಹೆಸರಿಟ್ಟಿತು. ಊರವರಿಗೆ ಆ ಕಾಡು ನಿಗೂಢವಲ್ಲ. ಅದು ಅವರ ದನ ಮೇದ, ಸೌದೆ ಸಿಕ್ಕ, ಬಂಧುಗಳು ಸತ್ತ ನೆಲ.

ಇಲ್ಲಿ ಜೈನ ಓದುಗರಿಗೆ ಒಂದು ಮುಜುಗರವಿದೆ. ಮಾದೇಶ್ವರನು ಸಂಹರಿಸುವ ಶ್ರವಣದೊರೆಯ ಹೆಸರಿನಲ್ಲಿ ಶ್ರಮಣ ಪರಂಪರೆಯ ನೆರಳನ್ನು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಅದನ್ನು ಒಪ್ಪಿದರೂ ಬೆಟ್ಟದ ಪಾವಿತ್ರ್ಯದ ಪ್ರಶ್ನೆ ಬದಲಾಗದು. ಸಮ್ಮೇದ ಶಿಖರ್ಜಿ ಪ್ರವಾಸಿ ತಾಣವಾಗಬಾರದೆಂದು ದೇಶದ ಜೈನರು ಬೀದಿಗಿಳಿದರು. 2023ರ ಜನವರಿ 5ರಂದು ಕೇಂದ್ರ ಸರ್ಕಾರ ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳನ್ನು ತಡೆಹಿಡಿಯಿತು. ಅದೇ ಬೆಟ್ಟ ಸಂತಾಲರಿಗೆ ಮರಾಂಗ್ ಬುರು. ಶಿಖರ್ಜಿಗೆ ಬೇಡಿದ ಗೌರವವನ್ನು ಸಂತಾಲರಿಗೂ ಮಾದಪ್ಪನ ಒಕ್ಕಲಿಗೂ ನಿರಾಕರಿಸಿದರೆ, ಆ ಬೇಡಿಕೆ ಧರ್ಮದ್ದಲ್ಲ, ಸ್ವಪಕ್ಷದ್ದು ಎಂದಾಗುತ್ತದೆ.

ಇಂದಿನ ಕನ್ನಡದ ‘ಚಾರಣ’ ಎಂಬ ಪದವನ್ನೂ ನೆನೆಯಬೇಕು. ಜೈನ ಪುರಾಣಗಳಲ್ಲಿ ಚಾರಣ ಮುನಿಗಳೆಂದರೆ ಜೀವಿಗಳಿಗೆ ನೋವಾಗದಂತೆ ಸಂಚರಿಸಬಲ್ಲ ಋದ್ಧಿಯುಳ್ಳವರು. ಆ ಋದ್ಧಿಯನ್ನು ಇಂದು ಯಾರಿಂದಲೂ ನಿರೀಕ್ಷಿಸಲಾಗದು. ಆ ಎಚ್ಚರವನ್ನು ನಿರೀಕ್ಷಿಸಬಹುದು. ಭಕ್ತರೂ ಪ್ಲಾಸ್ಟಿಕ್ ಎಸೆಯುತ್ತಾರೆ ಎಂಬ ಆಕ್ಷೇಪ ಸರಿಯಾದುದೇ. ಆದರೆ ಅದು ಭಕ್ತರನ್ನು ತಿದ್ದಲು ಕಾರಣವಾದೀತೇ ಹೊರತು ಚಾರಣಿಗರನ್ನು ಬಿಟ್ಟುಬಿಡಲು ಅಲ್ಲ.

ನಾಗಮಲೆಗೆ ಹೋಗುವ ದಾರಿಯಲ್ಲಿ ಇಂಡಿಗನತ್ತ ಎಂಬ ಊರಿದೆ. ರಸ್ತೆ, ನೀರು ಮೊದಲಾದ ಮೂಲಸೌಕರ್ಯವಿಲ್ಲವೆಂದು ಅಲ್ಲಿನ ಜನ 2024ರ ಲೋಕಸಭಾ ಚುನಾವಣೆಯನ್ನು ಬಹಿಷ್ಕರಿಸಿದ್ದರು. ಏಪ್ರಿಲ್ 26ರಂದು ಮತಗಟ್ಟೆ ಧ್ವಂಸವಾಯಿತು. 29ರಂದು ಮರುಮತದಾನ ನಡೆಯಿತು. ಆ ಹಿಂಸೆಯನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ನಗರದಿಂದ ಬಂದವನಿಗೆ ‘ರೋಮಾಂಚಕ’ವಾದ ಕಲ್ಲುದಾರಿ ಈ ಮಲೆಗಳ ಊರುಗಳಲ್ಲಿ ರೋಗಿಯನ್ನು ಡೋಲಿಯಲ್ಲಿ ಹೊರುವ ದಾರಿ ಎಂಬುದನ್ನು ಮರೆಯುವಂತಿಲ್ಲ.

2024ರ ಜನವರಿಯಲ್ಲಿ ಕುಮಾರಪರ್ವತದ ನೂಕುನುಗ್ಗಲಿನ ಬಳಿಕ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ನೋಂದಣಿಯ ಕಟ್ಟುಪಾಡು ತಂದಿತು. ಅದು ತಲೆಗಳನ್ನು ಎಣಿಸುವ ವ್ಯವಸ್ಥೆ. ಬೆಟ್ಟ ಯಾರದೆಂಬುದನ್ನು ಅದು ಹೇಳದು. ಈ ಮಲೆಗಳಲ್ಲಿ ದಾರಿ ತೋರುವವರು ಸೋಲಿಗರೂ ಬೇಡಗಂಪಣರೂ ಆಗಬೇಕು, ಚಾರಣದ ಹಣ ಮೊದಲು ಅವರ ಊರಿನ ದಾರಿಗೆ ಸಲ್ಲಬೇಕು, ಚಾರಣದ ಫಲಕಗಳಲ್ಲಿ ವೀರಪ್ಪನ್ನನ ಮೀಸೆಗಿಂತ ಮುಂಚೆ ಸಂಕಮ್ಮನ ಹೆಸರಿರಬೇಕು. ಇಷ್ಟಾಗದೆ ನಾಗಮಲೆಯನ್ನು ಏರಿದವರು ಎತ್ತರವನ್ನಷ್ಟೇ ಏರಿರುತ್ತಾರೆ.