ಬಿಡುವಿಲ್ಲದವನ ಆಲಸ್ಯ

ನಮ್ಮ ಧರ್ಮಕೇಂದ್ರದ ಪಾಲಕ ಸಂತರ ಹಬ್ಬದ ಸಂಜೆ ಸಾಧಕರಿಗೆ ಶಾಲು ಹೊದಿಸಿ, ಹಣ್ಣುಹಂಪಲು ನೀಡಿ ಸನ್ಮಾನಿಸುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಪರೀಕ್ಷೆಯಲ್ಲಿ ರ‍್ಯಾಂಕ್ ಗಳಿಸಿದವರು, ಕಂಪನಿಯಲ್ಲಿ ಉನ್ನತ ಹುದ್ದೆಗೇರಿದವರು, ಪರದೇಶದಲ್ಲಿ ವ್ಯಾಪಾರ ಮಾಡಿ ಹೆಸರಾದವರು ಇವರೆಲ್ಲರ ಪಟ್ಟಿಯನ್ನು ಪಾಲನಾ ಮಂಡಳಿಯು ಸಿದ್ಧಪಡಿಸುತ್ತದೆ; ಕೆಳಗಿನ ಸಹಿ ನಮ್ಮದು. ಇದರಲ್ಲಿ ತಪ್ಪೇನೂ ಇಲ್ಲವೆಂದೇ ನಾವು ಇಷ್ಟು ವರ್ಷ ಭಾವಿಸಿದ್ದೆವು. ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳು ಆ ಶಾಲುಗಳನ್ನು ನೋಡಿ ಏನನ್ನು ಕಲಿಯುತ್ತಾರೆಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಆ ಯೋಚನೆಯನ್ನು ಹುಟ್ಟಿಸಿದವನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ, ನಮ್ಮ ಧರ್ಮಕೇಂದ್ರದವನೇ ಆದ ಒಬ್ಬ ಯುವಕ. ಮೂರು ವರ್ಷಗಳ ಹಿಂದೆ ಆತ ಬಡ್ತಿಯ ವಿಚಾರವಾಗಿ ಸಲಹೆ ಕೇಳಲು ಬಂದಿದ್ದ. ಹೊಸ ಹುದ್ದೆಯಲ್ಲಿ ಅಮೆರಿಕದವರೊಡನೆ ಮಧ್ಯರಾತ್ರಿಯವರೆಗೂ ಮೀಟಿಂಗು, ಹೆಂಡತಿಯೂ ದುಡಿಯುವವಳು, ಮಗುವಿಗೆ ಆಗ ಎರಡು ವರ್ಷ. ಬೇಡವೆನ್ನೋಣವೇ ಎಂದು ಆತ ಕೇಳಿದ. ನಾವು ತಲೆಂತುಗಳ ಸಾಮತಿಯನ್ನು ನೆನಪಿಸಿ, ದೇವರಿತ್ತ ಸಾಮರ್ಥ್ಯವನ್ನು ನೆಲದಲ್ಲಿ ಹೂತಿಡಬಾರದೆಂದು ಬುದ್ಧಿ ಹೇಳಿ ಕಳುಹಿಸಿದೆವು. ಅಂದು ಒಳ್ಳೆಯ ಸಲಹೆ ಕೊಟ್ಟೆವೆಂಬ ತೃಪ್ತಿಯೂ ನಮಗಿತ್ತು.

ಕಳೆದ ಕ್ರಿಸ್ಮಸ್ ರಜೆಯಲ್ಲಿ ಆತ ಮತ್ತೆ ಬಂದ. ಸ್ವಂತ ಫ್ಲ್ಯಾಟು, ಕಾರು, ಸಂಬಳ ಯಾವುದಕ್ಕೂ ಕೊರತೆಯಿಲ್ಲ. ಆದರೆ ಹೇಳಿದ ಮಾತು ನಮ್ಮನ್ನು ಚುಚ್ಚಿತು: "ಫಾದರ್, ಮನೆಯಲ್ಲಿ ಅಮ್ಮ ಜಪಮಾಲೆ ಹೇಳುವಾಗ ಐದು ರಹಸ್ಯ ಮುಗಿಯುವಷ್ಟು ಹೊತ್ತು ಕುಳಿತಿರಲು ನನ್ನಿಂದಾಗುವುದಿಲ್ಲ. ಎರಡನೆಯದಕ್ಕೇ ಎದ್ದು ಅಂಗಳಕ್ಕೆ ಹೋಗಿ ಫೋನು ನೋಡುತ್ತೇನೆ. ಅಲ್ಲಿ ಏನೂ ಬಂದಿರುವುದಿಲ್ಲ. ಬಿಡುವು ಸಿಕ್ಕಿದರೆ ನನಗೆ ಭಯವಾಗುತ್ತದೆ."

ಹದಿನಾಲ್ಕು ಗಂಟೆ ದುಡಿಯುವವನನ್ನು ಸೋಮಾರಿಯೆಂದು ಯಾರೂ ಕರೆಯಲಾರರು. ಆದರೆ ಸೆಮಿನರಿಯಲ್ಲಿ ಓದಿ ಮರೆತಿದ್ದ ಒಂದು ವಿಚಾರ ಆ ರಾತ್ರಿ ನಮಗೆ ನೆನಪಾಯಿತು. ಏಳು ಮೂಲ ಪಾಪಗಳಲ್ಲಿ ಒಂದಾದ ಆಲಸ್ಯವೆಂದರೆ ಕೆಲಸಗಳ್ಳತನವಷ್ಟೇ ಎಂದು ನಾವು ಧರ್ಮೋಪದೇಶದ ತರಗತಿಯಲ್ಲಿ ಕಲಿಸುತ್ತೇವೆ. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರ ವಿಚಾರ ಬೇರೆ. ದೇವರು ತನಗೆ ನೀಡಬಯಸುವ ಒಳಿತಿನ ಮುಂದೆ ಮನಸ್ಸು ಕುಗ್ಗಿ, ಬೇಸತ್ತು ಹಿಂಜರಿಯುವುದೇ ಅವರ ಪ್ರಕಾರ ಆಲಸ್ಯ. ಆದುದರಿಂದಲೇ ಅವರು ಅದನ್ನು ಸಬ್ಬತ್ತಿನ ಆಜ್ಞೆಗೆ, ಅಂದರೆ ದೇವರಲ್ಲಿ ಮನಸ್ಸು ವಿಶ್ರಮಿಸಬೇಕೆಂಬ ಆಜ್ಞೆಗೆ, ವಿರುದ್ಧವಾದುದೆಂದು ಎಣಿಸಿದರು. ಅವರಿಗಿಂತ ಬಹಳ ಹಿಂದೆ, ನಾಲ್ಕನೆಯ ಶತಮಾನದಲ್ಲಿ, ಈಜಿಪ್ಟಿನ ಮರಳುಗಾಡಿನಲ್ಲಿದ್ದ ಇವಾಗ್ರಿಯುಸ್ ಎಂಬ ಸನ್ಯಾಸಿಯು ಇದೇ ವ್ಯಾಧಿಯನ್ನು ವರ್ಣಿಸಿದ್ದಾನೆ. ಕುಟೀರದಲ್ಲಿ ಕುಳಿತಿರಲಾರದ ಸನ್ಯಾಸಿ ಹೊತ್ತು ಎಷ್ಟಾಯಿತೆಂದು ಮತ್ತೆ ಮತ್ತೆ ಹೊರಗೆ ಬಂದು ಸೂರ್ಯನನ್ನು ನೋಡುತ್ತಾನಂತೆ. ಅಂಗಳದಲ್ಲಿ ಫೋನು ನೋಡುತ್ತ ನಿಂತ ನಮ್ಮ ಯುವಕನಿಗೂ ಅವನಿಗೂ ಏನು ವ್ಯತ್ಯಾಸ? ಬಿಡುವಿಲ್ಲದವನೂ ಆಲಸಿಯಾಗಿರಬಲ್ಲ. ಅಷ್ಟೇ ಅಲ್ಲ, ಅವನ ಆಲಸ್ಯಕ್ಕೆ ನಾವು ಶಾಲು ಹೊದಿಸಿರಲೂಬಹುದು.

ನಮ್ಮ ತಪ್ಪು ಎಲ್ಲಿತ್ತೆಂಬುದನ್ನೂ ಅಕ್ವಿನಾಸರೇ ತೋರಿಸುತ್ತಾರೆ. ವಿವೇಕಕ್ಕೆ ಅವರು ಮೂರು ಕ್ರಿಯೆಗಳನ್ನು ಹೇಳುತ್ತಾರೆ: ಆಲೋಚಿಸುವುದು, ತೀರ್ಮಾನಿಸುವುದು, ಆ ತೀರ್ಮಾನದಂತೆ ನಡೆಯಲು ತನಗೆ ತಾನೇ ಆಜ್ಞಾಪಿಸಿಕೊಳ್ಳುವುದು. ಮೂರನೆಯದೇ ಮುಖ್ಯವೆಂಬುದು ಅವರ ನಿಲುವು. ಆ ಯುವಕ ಮೊದಲೆರಡನ್ನೂ ಮುಗಿಸಿಕೊಂಡೇ ಬಂದಿದ್ದ. ಮೂರನೆಯದಕ್ಕೆ ಬೇಕಾದ ಧೈರ್ಯವನ್ನು ಕೊಡಬೇಕಾದ ನಾವು ಅವನ ತೀರ್ಮಾನವನ್ನೇ ತಿರುಗಿಸಿಬಿಟ್ಟೆವು. ತನ್ನ ಬಾಳನ್ನು ತಾನೇ ನಡೆಸುವುದೆಂದರೆ ಸ್ವೇಚ್ಛಾಚಾರವೆಂದು ನಾವು ಗುರುಗಳೂ ಹೆತ್ತವರೂ ಬೇಗನೆ ಶಂಕಿಸುತ್ತೇವೆ. ಕಂಪನಿಯವರು ಹೇಳಿದಂತೆ ನಡೆಯುವುದನ್ನು ಮಾತ್ರ ಜವಾಬ್ದಾರಿಯೆನ್ನುತ್ತೇವೆ!

ಎಲ್ಲರಿಗೂ ಆಯ್ಕೆಯ ಅವಕಾಶವಿದೆಯೆಂದು ನಾವು ಹೇಳುತ್ತಿಲ್ಲ. ಸಾಲದ ಕಂತು ಕಟ್ಟಬೇಕಾದವನಿಗೆ ವಿಶ್ರಾಂತಿಯ ಉಪದೇಶ ಮಾಡುವುದು ಸುಲಭ, ಅನ್ಯಾಯವೂ ಹೌದು. ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮವರನ್ನು ನೋಡಿರಿ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2021ರ ಕೊನೆಯವರೆಗೂ ಶುಕ್ರವಾರ, ಶನಿವಾರಗಳೇ ವಾರದ ರಜೆಯಾಗಿದ್ದವು. ಭಾನುವಾರ ಹೆಚ್ಚಿನವರಿಗೆ ದುಡಿಮೆಯ ದಿನವಾಗಿತ್ತು. ಅಲ್ಲಿನ ಚರ್ಚುಗಳು ಭಾನುವಾರದ ಬಲಿಪೂಜೆಯನ್ನು ಶುಕ್ರವಾರವೇ ಅರ್ಪಿಸುತ್ತಿದ್ದವು. ಜನರು ಅಂಗಳದಲ್ಲಿಯೂ ನಿಂತು ಪಾಲ್ಗೊಳ್ಳುತ್ತಿದ್ದರು. ರಾತ್ರಿಪಾಳಿ ಮುಗಿಸಿದ ದಾದಿಯರು, ಚಾಲಕರು, ಮನೆಗೆಲಸದ ಹೆಂಗಸರು ತಮ್ಮ ಕೈಯಲ್ಲಿಲ್ಲದ ವಾರದಲ್ಲಿ ಒಂದಿಷ್ಟು ಹೊತ್ತನ್ನು ತಮ್ಮದಾಗಿಸಿಕೊಂಡಿದ್ದರು. ಊರಿನಲ್ಲಿ ಶನಿವಾರ, ಭಾನುವಾರ ಎರಡೂ ರಜೆಯಿರುವ ನಾವು ಬಲಿಪೂಜೆಯ ಪ್ರಬೋಧನೆ ಐದು ನಿಮಿಷ ಹೆಚ್ಚಾದರೆ ಗಡಿಯಾರ ನೋಡುತ್ತೇವೆ.

ಜಗದ್ಗುರು ಹದಿಮೂರನೆಯ ಲಿಯೋರವರು 1891ರ 'ರೇರುಮ್ ನೊವಾರುಮ್' ಪರಿಪತ್ರದಲ್ಲಿ ಭಾನುವಾರದ ವಿಶ್ರಾಂತಿಗಾಗಿ ವಾದಿಸಿದ್ದು ಅಧಿಕಾರಿಗಳ ಪರವಾಗಿಯಲ್ಲ, ಕಾರ್ಮಿಕರ ಪರವಾಗಿ. ಆದುದರಿಂದ ಅಂಗಡಿ, ಹೋಟೆಲು ನಡೆಸುವ ನಮ್ಮ ಕುಟುಂಬಗಳಿಗೆ ಒಂದು ಪ್ರಶ್ನೆ: ನಿಮ್ಮಲ್ಲಿ ಕೆಲಸ ಮಾಡುವ ಹುಡುಗನಿಗೆ ವಾರದಲ್ಲಿ ಒಂದು ದಿನವಿದೆಯೇ? ಹಬ್ಬದ ಊಟದ ಪಾತ್ರೆ ತೊಳೆಯುವವಳಿಗೆ ಹಬ್ಬವಿದೆಯೇ? (ಗುರುನಿವಾಸದ ಅಡುಗೆಯವರನ್ನು ನೆನೆದಾಗ ಈ ಪ್ರಶ್ನೆ ನಮಗೂ ತಾಗುತ್ತದೆ.)

ಈಚೆಗೆ ಆ ಯುವಕ ಕೆಳಗಿನ ಹುದ್ದೆಗೆ ಮರಳಲು ಅರ್ಜಿ ಕೊಟ್ಟಿದ್ದಾನೆ. ಸಂಬಳ ಕಡಿಮೆಯಾಗುವುದು, ರಾತ್ರಿಗಳು ಮನೆಗೆ ಮರಳುವುವು. ಅಡಿಕೆ ತೋಟವನ್ನು ಅಡವಿಟ್ಟು ಮಗನನ್ನು ಓದಿಸಿದ ತಂದೆ ಮಾತು ಬಿಟ್ಟಿದ್ದಾರೆ. ಹಬ್ಬದಲ್ಲಿ ಮಗನಿಗೆ ಶಾಲು ಹೊದಿಸಿದಾಗ ಅವರು ಕಣ್ಣೊರಸಿಕೊಂಡದ್ದನ್ನು ನಾವು ಕಂಡಿದ್ದೇವೆ. ಅವರ ಕೋಪ ನಮಗೆ ಅರ್ಥವಾಗುತ್ತದೆ. ಬರುವ ಶನಿವಾರ ಅವರು ಗುರುನಿವಾಸಕ್ಕೆ ಬರುವವರಿದ್ದಾರೆ, ಮಗನಿಗೆ ಬುದ್ಧಿ ಹೇಳಿ ಎಂದು ಕೇಳಲು. ಮೂರು ವರ್ಷಗಳ ಹಿಂದೆ ಬುದ್ಧಿ ಹೇಳಿ ಕೆಡಿಸಿದವರು ನಾವೇ ಎಂಬುದನ್ನು ಅವರಿಗೆ ಮೊದಲು ತಿಳಿಸಬೇಕಾಗಿದೆ. ಈ ವರ್ಷದ ಸನ್ಮಾನದ ಪಟ್ಟಿಯೂ ಮೇಜಿನ ಮೇಲಿದೆ. ಅದಕ್ಕೆ ನಾವಿನ್ನೂ ಸಹಿ ಹಾಕಿಲ್ಲ.